ಒಂದೇ ಒಂದು ಗಜ

ಹಬ್ಬದ ದಿನ ಬೆಳಿಗ್ಗೆ ಆರೂವರೆಗೆ ಆರ್ಲಿಂಡೊ ಫರ್ಟಾಡೊ ಹೆಂಡತಿಯ ಹೂಬಳ್ಳಿ ಏಪ್ರನ್ ಕಟ್ಟಿಕೊಂಡು, ಅಡುಗೆಮನೆಯ ನಟ್ಟನಡುವೆ ನಿಂತು, ಸೌಟನ್ನು ರಾಜದಂಡದಂತೆ ಎತ್ತಿ ಘೋಷಿಸಿದ:

"ಇವತ್ತು ಈ ಮನೆಗೆ ನಾನೇ ಕೋಚ್! ಆಳುಗಳನ್ನ ಹೇಗೆ ದುಡಿಸ್ಬೇಕು ಅಂತ ನಿನ್ನ ಅಳಿಯನಿಗೆ ಬಾಯಿಬಿಡದೆ ತೋರಿಸ್ತೀನಿ!"

"ಬಾಯಿಬಿಡದೆ ಅಂದ್ರಲ್ಲ, ಅದೊಂದು ನೆನಪಿಟ್ಕೊಳ್ಳಿ ಸಾಕು," ಎಂದಳು ಲುರ್ಡೆಸ್. ಹಿಂದಿನ ವಾರ ಚರ್ಚಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆಯ ಬಲಗೈ ಪ್ಲಾಸ್ಟರಿನೊಳಗೆ ಸೇರಿತ್ತು. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆಯನ್ನು ಗಂಡನಿಗೆ ಒಪ್ಪಿಸಿ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

ಬಾಯಿಬಿಡಬಾರದು ಎಂಬ ಕಟ್ಟುಪಾಡಿಗೆ ಒಂದು ಕಥೆಯಿದೆ. ಅಳಿಯ ಡೆಕ್ಲನ್ ಊರಿನ ಹೈಸ್ಕೂಲು ಫುಟ್‌ಬಾಲ್ ತಂಡದ ಕೋಚ್. ಅಮೆರಿಕದವರ ಈ ಫುಟ್‌ಬಾಲು ಹೆಸರಿಗಷ್ಟೇ ಕಾಲಿನ ಆಟ, ಚೆಂಡು ಇರುವುದೆಲ್ಲ ಕೈಯಲ್ಲಿ. ಮ್ಯಾಸಚೂಸೆಟ್ಸ್‌ನ ಆ ಗಿರಣಿ ಊರಿನಲ್ಲಿ ಹಬ್ಬವೆಂದರೆ ಬೆಳಿಗ್ಗೆ ಹತ್ತಕ್ಕೆ ಪಕ್ಕದೂರಿನ ಮೇಲೆ ಪಂದ್ಯ, ಮಧ್ಯಾಹ್ನ ಎರಡಕ್ಕೆ ಟರ್ಕಿ ಕೋಳಿಯ ಊಟ. ಮೊದಲನೆಯದರಲ್ಲಿ ಸೋತರೆ ಎರಡನೆಯದು ಗಂಟಲಲ್ಲಿ ಇಳಿಯುವುದಿಲ್ಲ. ಹೋದ ವರ್ಷ ಚೆಂಡು ದಾಟಿಸಬೇಕಾದ ಕೊನೆಯ ಗೆರೆ ಒಂದೇ ಒಂದು ಗಜ ದೂರವಿತ್ತು. ಚೆಂಡನ್ನು ಹೊಟ್ಟೆಗವಚಿಕೊಂಡು ಗೂಳಿಯಂತೆ ನುಗ್ಗುವ ಹುಡುಗ, ರನ್ನಿಂಗ್ ಬ್ಯಾಕ್ ಎನ್ನುತ್ತಾರೆ ಅವನಿಗೆ, ಪಕ್ಕದಲ್ಲೇ ನಿಂತಿದ್ದ. ಅವನ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಡೆಕ್ಲನ್ ಎಸೆಯಲು ಹೇಳಿದ! ಚೆಂಡು ಎದುರಾಳಿಯ ಕೈ ಸೇರಿತು, ಊರು ಸೋತಿತು.

ಆ ಮಧ್ಯಾಹ್ನ ಆರ್ಲಿಂಡೊ ಊಟದ ಮೇಜಿನ ಮೇಲೆ ಬನ್ನುಗಳನ್ನು ಆಟಗಾರರಂತೆ ಸಾಲಾಗಿ ನಿಲ್ಲಿಸಿ, ಉಪ್ಪಿನ ಡಬ್ಬಿಯನ್ನು ಚೆಂಡು ಮಾಡಿ, ಕೈಗೆ ಕೊಡುವುದು ಹೇಗೆಂದು ಅಳಿಯನಿಗೆ ನಾಲ್ಕು ಸಲ ಪಾಠ ಮಾಡಿದ. ಐದನೆಯ ಪಾಠಕ್ಕೆ ಡೆಕ್ಲನ್ ಕೋಟು ತೊಟ್ಟು ಎದ್ದು ಹೋದ. ಅವನಿಗೆಂದೇ ಮಾಡಿದ್ದ ಸೇಬಿನ ಪೈ ಹಾಗೇ ಉಳಿಯಿತು.

ಈ ಸಲ ಮಗಳು ನತಾಲಿಯಾ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಳು. "ಅಪ್ಪ, ಮನೆ ಹೊಸ್ತಿಲೊಳಗೆ ನೀನು ಆಟದ ಮಾತು ಒಂದೇ ಒಂದು ಎತ್ತಿದ್ರೂ ಕ್ರಿಸ್‌ಮಸ್‌ಗೆ ನಾವು ಇವರ ಅಮ್ಮನ ಮನೆಗೆ ಹೋಗ್ತೀವಿ. ಇನೆಸ್‌ನ ಮೊದಲನೇ ಕ್ರಿಸ್‌ಮಸ್ಸನ್ನ ನೀನು ಫೋಟೋದಲ್ಲಿ ನೋಡ್ಕೋ."

ಇನೆಸ್ ಎಂಟು ತಿಂಗಳ ಮೊಮ್ಮಗಳು. ಚಪ್ಪಾಳೆ ತಟ್ಟುವುದನ್ನು ಆಗಷ್ಟೇ ಕಲಿತಿದ್ದಳು. ಅವಳೆಂದರೆ ಆರ್ಲಿಂಡೊನಿಗೆ ಪ್ರಾಣ. ಹಾಗೆಂದು ತತ್ವ ಬಿಡಲಾದೀತೇ? ಮೂವತ್ತೊಂದು ವರ್ಷ ಶಾಲೆಯ ತಂಡದ ಬಸ್ಸು ಓಡಿಸಿ ನಿವೃತ್ತನಾದವನು ಆತ. ಅಷ್ಟು ವರ್ಷ ತಂಡ ಗೆದ್ದದ್ದು ಕೋಚುಗಳಿಂದಲ್ಲ, ಮೈದಾನಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿಸಿದ ತನ್ನಿಂದ ಎಂದು ಅವನು ಮನಸಾರೆ ನಂಬಿದ್ದ. ಮಾತಿನಲ್ಲಿ ಹೇಳಬಾರದು ತಾನೇ? ಕೆಲಸದಲ್ಲಿ ಹೇಳಿದರೆ ಯಾವ ಮಗಳು ತಡೆಯುತ್ತಾಳೆ!

ಅವನ ತತ್ವ ಸರಳ. ಬಲಶಾಲಿ ಒಬ್ಬನನ್ನು ಹಿಡಿ, ಎಲ್ಲವನ್ನೂ ಅವನಿಗೇ ಕೊಡು. ಆ ಬಲಶಾಲಿ ಲುರ್ಡೆಸ್‌ಳ ತಮ್ಮ ಗಿಲ್ಬರ್ಟೊ. ಮೀನು ಬಂದರಿನಲ್ಲಿ ಐಸಿನ ಪೆಟ್ಟಿಗೆ ಹೊರುವವನು, ಬಾಗಿಲಲ್ಲಿ ನಿಂತರೆ ಬಾಗಿಲು ಕಾಣದು. ಎಂಟು ಗಂಟೆಯೊಳಗೆ ಅವನು ನೆಲಮಾಳಿಗೆಯಿಂದ ಉದ್ದನೆಯ ಮೇಜು, ಚರ್ಚಿನಿಂದ ಕುರ್ಚಿಗಳು, ಆಲೂಗಡ್ಡೆ ಮೂಟೆ, ಎರಡು ಚೀಲ ಐಸು, ಕೊನೆಗೆ ಶೂರಿಸ್ ಎಂಬ ಖಾರದ ಸಾಸೇಜಿನ ಹೂರಣ ತುಂಬಿದ ಹತ್ತು ಕಿಲೋ ಟರ್ಕಿಯನ್ನು ಹೊತ್ತು ಓವನಿಗೆ ಸೇರಿಸಿದ್ದ.

"ಪಾಪ, ಅವನ ಸೊಂಟ ಏನಾಗ್ಬೇಕು? ಪಕ್ಕದ ಮನೆ ಅನೀಬಲ್ ಇದಾನೆ, ನೀವಿದೀರಿ. ಸ್ವಲ್ಪ ಹಂಚಿ ಕೊಡ್ರೀ ಕೆಲಸಾನ."

"ಹಂಚೋದು! ಅದೇ ಕಾಯಿಲೆ ನಿನ್ನ ಅಳಿಯನಿಗೂ ಇರೋದು! ಗಿಲ್ಬರ್ಟೊ, ಸುಸ್ತಾಯ್ತೇನೋ?"

"ಇಲ್ಲ ಭಾವ," ಎಂದ ಗಿಲ್ಬರ್ಟೊ, ಗೋಡೆ ಹಿಡಿದುಕೊಂಡು.

"ನೋಡಿದ್ಯಾ? ಕೊಟ್ಟಷ್ಟೂ ಬಿಸಿ ಏರ್ತಾನೆ!"

ಹತ್ತಕ್ಕೆ ಎಲ್ಲರೂ ಮೈದಾನದಲ್ಲಿದ್ದರು. ಮಗಳು ಹೇಳಿದ ಹೊಸ್ತಿಲು ಮನೆಯದು, ಮೈದಾನಕ್ಕೆ ಹೊಸ್ತಿಲೇ ಇಲ್ಲ ಎಂದು ಆರ್ಲಿಂಡೊ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಗಂಟಲು ತೆರೆದ.

"ಮತ್ತೆ ಎಸೆದ್ರು! ಆ ಟೊಬಾಯಸ್ ಹುಡುಗನ ತೊಡೆ ನೋಡಿ, ಮರದ ದಿಮ್ಮಿ! ಅಂಥವನನ್ನ ಬೆಂಚಿನ ಮೇಲೆ ಕೂರಿಸಿದಾನಲ್ಲ ಮಹಾನುಭಾವ!"

"ಕೂತಿರೋದು ಎರಡು ನಿಮಿಷ ಕಣಯ್ಯ," ಎಂದು ಮುಂದಿನ ಸಾಲಿನಿಂದ ತಿರುಗಿದ ಪಕ್ಕದ ಮನೆಯ ಕ್ಷೌರಿಕ ಅನೀಬಲ್. "ಮೂರು ರನ್ನಿಂಗ್ ಬ್ಯಾಕ್ ಇದಾರೆ, ಸರದಿ ಮೇಲೆ ಇಳಿಸ್ತಿದಾನೆ. ಕೊನೇವರೆಗೂ ಕಾಲಲ್ಲಿ ಕಸುವು ಇರ್ಲಿ ಅಂತ."

"ಸರದಿನಾ? ಇದೇನು ನಿನ್ನ ಅಂಗಡಿನಾ, ಒಬ್ಬೊಬ್ಬರನ್ನೇ ಕರೆದು ಕೂರಿಸೋಕೆ? ಇರೋ ಗೂಳಿಗೇ ಇಪ್ಪತ್ತೈದು ಸಲ ಕೊಡ್ಬೇಕು! ಎದುರಿನವರ ಸೊಂಟ ತಾನಾಗೇ ಮುರಿಯುತ್ತೆ."

"ಗೂಳಿದೇ ಮುರಿದ್ರೆ?"

"ನನ್ನ ಬಸ್ಸಿಗೆ ಮೂವತ್ತೊಂದು ವರ್ಷ ಒಂದೇ ಇಂಜಿನ್ನು!"

"ಗೊತ್ತು ಬಿಡು. ಗುಡ್ಡದ ರಸ್ತೇಲಿ ಮೂರು ಸಲ ಅದನ್ನ ತಳ್ಳಿದೋನು ನಾನೇ."

ಸುತ್ತಲಿನವರು ಗೊಳ್ಳೆಂದು ನಕ್ಕರು. ಆರ್ಲಿಂಡೊ ಬಿಡಲಿಲ್ಲ. "ಗಿಲ್ಬರ್ಟೊ, ನೀನು ಹೇಳೋ!"

ಗಿಲ್ಬರ್ಟೊ ಎರಡೂ ಕೈಯಿಂದ ಸೊಂಟ ನೀವಿಕೊಳ್ಳುತ್ತಿದ್ದ. "ಸರದಿನೇ ವಾಸಿ ಅನ್ಸುತ್ತೆ ಭಾವ," ಎಂದ. ಆರ್ಲಿಂಡೊ ಅದನ್ನು ಕೇಳಿಸಿಕೊಳ್ಳದವನಂತೆ ಮೈದಾನದ ಕಡೆ ತಿರುಗಿದ.

ಹಣೆಬರಹ ನೋಡಿ! ಕೊನೆಯ ಎಂಟು ಸೆಕೆಂಡು. ಊರು ನಾಲ್ಕು ಅಂಕ ಹಿಂದೆ, ಗೆರೆ ದಾಟಿದರೆ ಆರು. ಗೆರೆ ಮತ್ತೆ ಒಂದೇ ಒಂದು ಗಜ ದೂರ. ಟೊಬಾಯಸ್ ಮೈದಾನಕ್ಕಿಳಿದ. ಆರ್ಲಿಂಡೊ ಬೆಂಚು ಹತ್ತಿ ನಿಂತ.

"ಕೈಗೆ ಕೊಡೋ! ಅವನ ಕೈಗೆ ಕೊಡೋ!"

ಎದುರಿನ ಹನ್ನೊಂದು ಜನವೂ ಟೊಬಾಯಸ್ ಮೇಲೆ ಮುಗಿಬಿದ್ದರು. ಚೆಂಡು ಅವನ ಕೈಯಲ್ಲಿ ಇರಲೇ ಇಲ್ಲ. ಅದು ಎಲ್ಲರ ತಲೆಯ ಮೇಲೆ ಹಾರಿ, ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಸಣಕಲ ಹುಡುಗನೊಬ್ಬನ ಎದೆಗೆ ಬಂದು ಕುಳಿತಿತು. ಊರು ಗೆದ್ದಿತು! ನಾಲ್ಕು ಸಾವಿರ ಜನ ಎರಡೂ ಕೈ ಆಕಾಶಕ್ಕೆತ್ತಿದರು. ಇನೆಸ್ ಚಪ್ಪಾಳೆ ತಟ್ಟಿದಳು. ಒಬ್ಬನೇ ಒಬ್ಬ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಿದ್ದ. ಅವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಜನ ಕೋಚನ್ನು ಹೆಗಲ ಮೇಲೆ ಹೊರುವ ಮೊದಲೇ ಆರ್ಲಿಂಡೊ ಬೇಲಿಯ ಹತ್ತಿರ ಅವನನ್ನು ಅಡ್ಡಗಟ್ಟಿದ.

"ಯಾಕಪ್ಪಾ ಎಸೆಯೋಕೆ ಹೇಳ್ದೆ?"

ಡೆಕ್ಲನ್ ತಣ್ಣಗೆ ಹೇಳಿದ. "ಏನ್ ಮಾಡ್ಲಿ ಮಾವ, ಎಲ್ಲರೂ ಅವನ ಮೇಲೇ ಬಿದ್ದಿದ್ರು. ಆ ಮೂಲೇಲಿ ಒಬ್ಬ ಖಾಲಿ ನಿಂತಿದ್ದ. ಅಷ್ಟೇ."

"ಗೆದ್ದದ್ದು ಸರಿ. ಗೆದ್ದ ರೀತಿ ತಪ್ಪು!" ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಗೆದ್ದ ಊರಿನ ಏಕೈಕ ಸೋತ ಮನುಷ್ಯ ಮನೆಯ ಕಡೆ ಹೆಜ್ಜೆ ಹಾಕಿದ.

ಹೊಸ್ತಿಲು ದಾಟಿದ್ದೇ ತಡ, ತುಟಿ ಹೊಲಿದುಕೊಂಡ. ಇನ್ನು ಮಾತನಾಡುವುದು ಕೆಲಸ! "ಗಿಲ್ಬರ್ಟೊ, ಸೇಬಿನ ಸೈಡರ್ ಪೀಪಾಯಿ! ಗಿಲ್ಬರ್ಟೊ, ಮಗುವಿನ ಕುರ್ಚಿ! ಗಿಲ್ಬರ್ಟೊ, ದೊಡ್ಡಮ್ಮಂದಿರನ್ನ ಮೆಟ್ಟಿಲು ಹತ್ತಿಸು!" ಲುರ್ಡೆಸ್‌ಳ ಇಬ್ಬರು ದೊಡ್ಡಮ್ಮಂದಿರೂ ಸೊಗಸಾಗಿ ತಿಂದುಂಡು ಬಾಳಿದವರು. ಗಿಲ್ಬರ್ಟೊ ಇಬ್ಬರನ್ನೂ ಹತ್ತಿಸಿ ಬಂದಾಗ ಅವನ ಮುಖ ಸುಣ್ಣ ಬಳಿದ ಹಾಗಿತ್ತು.

"ಇಪ್ಪತ್ತೈದಾಯ್ತು ರೀ," ಎಂದಳು ಲುರ್ಡೆಸ್. ಕುರ್ಚಿಯಲ್ಲಿ ಕೂತು ತಮ್ಮನ ಮೇಲೆ ಬಿದ್ದ ಕೆಲಸಗಳನ್ನು ಆಕೆ ಎಣಿಸುತ್ತಲೇ ಇದ್ದಳು.

"ಇನ್ನೊಂದೇ! ಕೊನೇ ಗಜ!"

ಡೆಕ್ಲನ್ ಆಗಷ್ಟೇ ಬಂದಿದ್ದ, ತಂಡದ ದಪ್ಪ ಕೋಟನ್ನೂ ಬಿಚ್ಚಿರಲಿಲ್ಲ. ಮೇಜಿನ ಆಚೆ ಮೂಲೆಯಲ್ಲಿ ಮಾವನ ಕಣ್ಣಿಗೆ ಬೀಳದಂತೆ ನಿಂತಿದ್ದ. ಆರ್ಲಿಂಡೊ ಓವನಿನಿಂದ ಟರ್ಕಿಯನ್ನು ಹೊರಗೆಳೆದ. ಹೊಂಬಣ್ಣದ, ಹೊಗೆಯಾಡುವ, ರಾಜಗಾಂಭೀರ್ಯದ ಹಕ್ಕಿ! ಅಡುಗೆಮನೆಗೂ ಮೇಜಿಗೂ ನಡುವೆ ಒಂದು ಬಾಗಿಲು, ಬಾಗಿಲಾಚೆ ಒಂದೇ ಒಂದು ಗಜ. ನೋಡಲಿ ಅಳಿಯ, ಕೈಗೆ ಕೊಡುವುದೆಂದರೆ ಏನೆಂದು ಕಣ್ತುಂಬ ನೋಡಲಿ!

"ಗಿಲ್ಬರ್ಟೊ, ಹಿಡಿ!"

ಗಿಲ್ಬರ್ಟೊ ಬಾಗಿಲಲ್ಲಿ ಕೈ ಚಾಚಿ ಬಾಗಿದ. ಬಾಗಿದವನು ಬಾಗಿದಂತೆಯೇ ಉಳಿದ. "ಅಮ್ಮಾ!" ಎಂಬ ಒಂದು ಸ್ವರ ಹೊರಟಿತು. ಸೊಂಟ ಹಿಡಿದುಕೊಂಡಿತ್ತು! ಅವನು ಹಾಗೇ ಹೊಸ್ತಿಲ ಮೇಲೆ ಮಗ್ಗುಲಾದ. ದೊಡ್ಡಮ್ಮಂದಿರು, ಊಟಕ್ಕೆ ಬಂದಿದ್ದ ಅನೀಬಲ್, ನತಾಲಿಯಾ ಎಲ್ಲರೂ ಓಡಿ ಬಂದು ಅವನ ಮೇಲೆ ಬಗ್ಗಿದರು. ಬಾಗಿಲು ಪೂರ್ತಿ ಮುಚ್ಚಿಹೋಯಿತು.

ಆರ್ಲಿಂಡೊನ ಕೈಯಲ್ಲಿದ್ದದ್ದು ಅಂಗಡಿಯಿಂದ ತಂದ ತೆಳು ಅಲ್ಯೂಮಿನಿಯಂ ತಟ್ಟೆ. ಹತ್ತು ಕಿಲೋ ಭಾರಕ್ಕೆ ಅದು ಮಧ್ಯದಲ್ಲಿ ಮಡಚತೊಡಗಿತು. ಕುದಿಯುವ ರಸ ಅವನ ಮುಂಗೈ ಕಡೆಗೆ ಹರಿಯಿತು. ಹಿಂದೆ ಇಡೋಣವೆಂದರೆ ಕಟ್ಟೆಯ ತುಂಬ ಪೈಗಳು!

"ಪಕ್ಕಕ್ಕೆ ಸರೀರಿ! ದಾರಿ ಬಿಡ್ರೋ!"

ಯಾರೂ ಸರಿಯಲಿಲ್ಲ. ಎಲ್ಲರ ಬೆನ್ನಿನ ಆಚೆ, ಮೇಜಿನ ಮೂಲೆಯಲ್ಲಿ, ಎರಡು ಕೈಗಳು ಮೇಲೆದ್ದವು.

"ಮಾವ! ಇಲ್ಲಿ!"

ಆ ಒಂದು ಕ್ಷಣದಲ್ಲಿ ಮೂವತ್ತೊಂದು ವರ್ಷದ ತತ್ವ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಕೈ ಸುಡುತ್ತಿತ್ತು. ಆರ್ಲಿಂಡೊ ಎಸೆದ!

ಹಕ್ಕಿ ಬದುಕಿದ್ದಾಗಲೂ ಅಷ್ಟು ಚೆನ್ನಾಗಿ ಹಾರಿರಲಿಕ್ಕಿಲ್ಲ. ದೊಡ್ಡಮ್ಮಂದಿರ ತಲೆಯ ಮೇಲೆ ಹೂರಣದ ಮಳೆ ಸುರಿಸುತ್ತ, ಅಜೋರ್ಸ್ ದ್ವೀಪದಿಂದ ಬಂದ ಅಜ್ಜಿಯ ಕಾಲದ ಕಸೂತಿ ಮೇಜುಬಟ್ಟೆಗೆ ರಸದ ಅಭಿಷೇಕ ಮಾಡುತ್ತ ಹೋಗಿ, ಡೆಕ್ಲನ್‌ನ ದಪ್ಪ ಕೋಟಿನ ಎದೆಗೆ ಧೊಪ್ಪೆಂದು ಬಿತ್ತು. ಅವನು ಎರಡೂ ತೋಳಲ್ಲಿ ಅವಚಿಕೊಂಡು ಸೋಫಾದ ಮೇಲೆ ಹಿಮ್ಮುಖ ಬಿದ್ದ. ಟರ್ಕಿ ನೆಲ ಮುಟ್ಟಲಿಲ್ಲ!

ಬಾಗಿಲಲ್ಲಿ ನಿಂತಿದ್ದ ಆರ್ಲಿಂಡೊನ ಎರಡೂ ಕೈಗಳು, ಅವನ ಅಪ್ಪಣೆ ಕೇಳದೆ, ನೆಟ್ಟಗೆ ಆಕಾಶಕ್ಕೆ ಎದ್ದಿದ್ದವು. ಇನೆಸ್ ಚಪ್ಪಾಳೆ ತಟ್ಟಿದಳು.

ಲುರ್ಡೆಸ್ ಕುರ್ಚಿಯಿಂದ ನಿಧಾನವಾಗಿ ಎದ್ದಳು. "ರೀ, ಒಂದೇ ಒಂದು ಗಜ ಇತ್ತಲ್ಲ. ಗಿಲ್ಬರ್ಟೊ ಕೈಗೆ ಕೊಡೋದು ಬಿಟ್ಟು ಯಾಕ್ ಎಸೆದ್ರಿ?"

"ಏನ್ ಮಾಡ್ಲಿ ಕಣೇ!" ಎಂದು ಆರ್ಲಿಂಡೊ ಸಿಡಿದ. "ಎಲ್ಲರೂ ಅವನ ಮೇಲೇ ಬಿದ್ದಿದ್ರು! ಆ ಮೂಲೇಲಿ ಒಬ್ಬ ಖಾಲಿ ನಿಂತಿದ್ದ! ಅಷ್ಟೇ..."

ಅಷ್ಟರಲ್ಲಿ ತನ್ನ ಮಾತು ತನ್ನ ಕಿವಿಗೇ ಬಿತ್ತು. ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು.

"ಅಪ್ಪ," ನತಾಲಿಯಾ ಸೊಂಟದ ಮೇಲೆ ಕೈಯಿಟ್ಟಳು. "ಇದು ಆಟದ ಮಾತು. ಹೊಸ್ತಿಲೊಳಗೆ ಆಡಿದೀಯ."

ಇನೆಸ್ ಇಲ್ಲದ ಕ್ರಿಸ್‌ಮಸ್ ಆರ್ಲಿಂಡೊನ ಕಣ್ಣೆದುರು ಬಂದು ನಿಂತಿತು. ಅಳಿಯನ ಕಡೆ ನೋಡಿದ. ಜೀವನದಲ್ಲಿ ಮೊದಲ ಸಲ, ಕೇಳಿಕೊಳ್ಳುವವನಂತೆ ನೋಡಿದ.

ಡೆಕ್ಲನ್ ಸೋಫಾದ ಮೇಲೆ ಟರ್ಕಿಯನ್ನು ಮಗುವಿನಂತೆ ತಬ್ಬಿಕೊಂಡು ಕೂತಿದ್ದ. ಗಡ್ಡದಲ್ಲಿ ಹೂರಣ ಸಿಕ್ಕಿಕೊಂಡಿತ್ತು. "ಆಟದ ಮಾತಲ್ಲ ಬಿಡು ನತಾಲಿಯಾ," ಎಂದ. "ಮಾವ ಕೋಳಿ ವಿಷಯ ಹೇಳ್ತಿದಾರೆ. ಕ್ರಿಸ್‌ಮಸ್‌ಗೆ ಎಷ್ಟು ಗಂಟೆಗೆ ಬರೋಣ ಮಾವ?"

ಆರ್ಲಿಂಡೊ ಗಿಲ್ಬರ್ಟೊನನ್ನು ದಾಟಿ ಬಂದು ಟರ್ಕಿಯನ್ನು ಮೇಜಿಗೇರಿಸಿದ. ಚಾಕು ತೆಗೆದುಕೊಂಡು ಟರ್ಕಿಯ ದೊಡ್ಡ ಕಾಲನ್ನು ಕತ್ತರಿಸಿ ಅಳಿಯನ ತಟ್ಟೆಗೆ ಹಾಕಿದ. ಆದರೂ ಬುದ್ಧಿ ಎಲ್ಲಿ ಹೋದೀತು! ತಲೆ ತಗ್ಗಿಸಿಕೊಂಡೇ ಗೊಣಗಿದ. "ಬಿಸಿ ಇತ್ತು, ಅದಕ್ಕೆ ಎಸೆದೆ. ಬಿಸಿ ಇಲ್ದಿದ್ರೆ ಕೈಗೇ ಕೊಡ್ತಿದ್ದೆ. ಏನೇ ಆಗ್ಲಿ, ಊಟ ಮೇಜಿಗೆ ಬಂತೋ ಇಲ್ವೋ? ಗೆದ್ದೆವೋ ಇಲ್ವೋ?"

ಹೊಸ್ತಿಲ ಮೇಲೆ ಅಂಗಾತ ಮಲಗಿದ್ದ ಗಿಲ್ಬರ್ಟೊ ಛಾವಣಿ ನೋಡುತ್ತ ನರಳಿದ:

"ಗೆದ್ದದ್ದು ಸರಿ ಭಾವ. ಗೆದ್ದ ರೀತಿ ತಪ್ಪು!"