ಅಮಾಸಿ ದಿನ ಕಳೆದ ನೆಟ್‌ವರ್ಕ್

“ಏಳನೇತ್ತಕ್ಕ ಸಾಲಿ ಬಿಟ್ಟಾವನ ಕೈಯಾಗ ಕಂಪ್ಯೂಟರ್ ಕೊಟ್ಟಿದ್ದು ನಂದೇ ತಪ್ಪು! ಎಮ್ಮಿ ಕಾಯಲಿಕ್ಕೂ ಅಕಲ್ ಬೇಕಾಗ್ತದ!”

ಸೇಡಂನ ಆನ್‌ಲೈನ್ ಸೆಂಟರಿನ ಮಾಲೀಕ ದೇವೀಂದ್ರಪ್ಪ ಹೀಗೆ ಒದರಿದಾಗ ಬಾಗಿಲಲ್ಲಿ ಉದ್ದಕ್ಕೆ ಪಾಳಿ ನಿಂತಿತ್ತು. ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ. ಪಾಳಿಯೆಲ್ಲ ನಕ್ಕಿತು. ಕಂಪ್ಯೂಟರ್ ಮುಂದೆ ಕೂತಿದ್ದ ಕೆಲಸದ ಹುಡುಗ ಅಂಬರೇಶನ ಕಿವಿ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಯಿತು. ಬೆಳಿಗ್ಗೆ ಅಮಾಸಿ ಪೂಜೆ ಮುಗಿಸಿ ಕಂಪ್ಯೂಟರ್ ಚಾಲೂ ಮಾಡಿದಾಗಿನಿಂದ ನೆಟ್‌ವರ್ಕ್ ಮಾಯ.

“ಮಧ್ಯಾಹ್ನದೊಳಗ ನೆಟ್ ಬರಬೇಕು. ಇಲ್ಲಂದ್ರ ನೌಕರಿ ಬಿಟ್ಟು ನಡಿ.”

ಪಕ್ಕದ ಚಹಾದಂಗಡಿಯ ಮಶಾಕ ತಲೆ ತೂರಿಸಿದ. “ಈ ಲೈನಕ್ಸ್ ಕಂಪ್ಯೂಟರೇ ಖರಾಬ್ ಅದ ಭಾಯಿ. ಎರಡು ಏಟು ಹಾಕು, ಬರ್ತದ.”

“ಫರ್ಸಿ ಕಲ್ಲಿನ ಧೂಳು ಹೊಕ್ಕದ ಬಿಡ್ರಿ,” ಎಂದಳು ಮೊಮ್ಮಗಳ ಕಾಗದ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ ಮಳಖೇಡದ ಭೀಮಬಾಯಿ. ಸೆರಗಿನಿಂದಲೇ ಕಂಪ್ಯೂಟರಿನ ಡಬ್ಬಿ ಒರೆಸತೊಡಗಿದಳು.

ಅಂಬರೇಶ ಕರಿ ಪರದೆ ತೆರೆದು lsusb ಎಂಬ ಆಜ್ಞೆ ಹೊಡೆದ. ಯಂತ್ರಕ್ಕೆ ಚುಚ್ಚಿದ ಸಾಮಾನುಗಳು ಶಾಲೆಯಲ್ಲಿ ಹಾಜರಿ ಕೂಗಿದಂತೆ ಒಂದೊಂದೇ ಬಂದವು: ಕೀಬೋರ್ಡ್, ಮೌಸ್, ಪ್ರಿಂಟರ್. ವೈಫೈ ಮಾತ್ರ ಗೈರು. ಮತ್ತೆ ಹೊಡೆದ. ಮತ್ತೆ ಗೈರು. ವಾಡಿ ಜಂಕ್ಷನ್ನಿನಲ್ಲಿ ಕೂಸು ಕಳೆದುಕೊಂಡವರ ಹಾಗೆ ಡಬ್ಬಿಯ ಹಿಂದೆ ತಡಕಾಡಿದ. ಹೆಬ್ಬೆರಳಿನಷ್ಟು ಕಪ್ಪು ವೈಫೈ ತುಂಡು ಅಲ್ಲಿರಲೇ ಇಲ್ಲ.

ಥಟ್ಟನೆ ನೆನಪಾಯಿತು. ಹೋದ ಅಮಾಸಿಗೆ ದೇವೀಂದ್ರಪ್ಪ ದೃಷ್ಟಿಯ ನಿಂಬೆಕಾಯಿ, ಮೆಣಸಿನಕಾಯಿ ಸರವನ್ನು ಅದೇ ತುಂಡಿಗೆ ಗಂಟು ಹಾಕಿದ್ದ. ಇಂದು ಅವನ ಹುಕುಂನಂತೆ ಹಳೆಯ ಸರ ಜಗ್ಗಿ ತೆಗೆದು, ಮೂರು ದಾರಿ ಕೂಡುವಲ್ಲಿ ಎಸೆದು, ಪದ್ಧತಿಯಂತೆ ಹಿಂದಿರುಗಿ ನೋಡದೆ ಬಂದವನು ಅಂಬರೇಶನೇ!

ಓಡಿದ. ಸರ ಅಲ್ಲೇ ಬಿದ್ದಿತ್ತು. ಅದನ್ನು ತುಳಿಯಲು ಅಂಜಿ ಸಿಮೆಂಟ್ ಲಾರಿ ಕೂಡ ಬಳಸಿಕೊಂಡು ಹೋಗುತ್ತಿತ್ತು. ಪಾಳಿಯೆಲ್ಲ ಬಾಯಿ ತೆರೆದು ನೋಡುತ್ತಿತ್ತು. ಗಪ್ಪನೆ ಎತ್ತಿ ತಂದು, ಗಂಟು ಬಿಚ್ಚಲೂ ಪುರುಸೊತ್ತಿಲ್ಲದೆ ಕೊಳೆತ ನಿಂಬೆಕಾಯಿಯ ಸಮೇತ ಚುಚ್ಚಿದ. ನೀಲಿ ದೀಪ ಮಿಣುಕಿತು. ವೈಫೈ ಹಾಜರ್!

“ಬಂತ್ರಿ! ಬರ್ರಿ ಆಯಿ, ಕುಂದ್ರಿ!”

ಭೀಮಬಾಯಿ ಕಾಗದವನ್ನು ಎದೆಗವಚಿಕೊಂಡು ಹಿಂದೆ ಸರಿದಳು. “ಪೀಡಾ ಎತ್ತಿಕೊಂಡು ಬಂದ ಕೈಲೆ ನನ್ನ ಮೊಮ್ಮಗಳ ಅರ್ಜಿ ತುಂಬಸ್ಲೇನು? ಬ್ಯಾಡಪ್ಪೋ! ಚಿತ್ತಾಪುರಕ್ಕ ಹೋಗ್ತೀನಿ.”

ಪಾಳಿಗೆ ಪಾಳಿಯೇ ಅವಳ ಹಿಂದೆ ಬಸ್‌ಸ್ಟ್ಯಾಂಡಿನತ್ತ ಹೊರಳಿತು. ಕೆಟಲ್ ಎತ್ತಿಕೊಂಡು ಮಶಾಕನೂ ಗಿರಾಕಿಗಳ ಬೆನ್ನು ಹತ್ತಿದ.

ದೇವೀಂದ್ರಪ್ಪ ತನ್ನ ಅಂಗಡಿಯ ಹೊಸ್ತಿಲಾಚೆಗೇ ನಿಂತಿದ್ದ. ಒಳಗೆ ಬರಲು ಅವನಿಗೂ ಅಂಜಿಕೆ. “ನೆಟ್ ತಾ ಅಂದ್ರ ಪೀಡಾ ತಂದ್ಯಲ್ಲೋ ಹುಚ್ಚಪ್ಯಾಲಿ! ಆ ಸರ ಮೊದಲು ಒಯ್ದು ಒಗಿ. ಒಗದು ಹಂಗೇ ಮನಿಗಿ ಹೋಗು. ಹಿಂದಿರುಗಿ ನೋಡಬ್ಯಾಡ!”

ಅಂಬರೇಶ ಸರ ಜಗ್ಗಿದ. ಗಂಟಿನೊಂದಿಗೆ ಕಪ್ಪು ತುಂಡೂ ಬಂತು. ಮೂರು ದಾರಿಯತ್ತ ನಡೆದ. ಹಿಂದಿನಿಂದ “ಏ, ನೆಟ್ ಮತ್ತ ಹೋಯ್ತಲ್ಲೋ!” ಎಂಬ ಕೂಗು ಬಂತು.

ಹಿಂದಿರುಗಿ ನೋಡಲಿಲ್ಲ.