ಖರ್ಚಿಲ್ಲದ ಆಟಿಕೆ, ಖಾರವಿಲ್ಲದ ಬಣ್ಣ

‘ಮಕ್ಕಳನ್ನು ನಾನು ಸುಮ್ಮನೆ ಕೂಡಿಸುತ್ತೇನೆ’ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಮ್ಮ ಮನೆತನದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ದೇವರಿಗೆ ನಗು ಬೇಕೆನಿಸಿದಾಗಲೆಲ್ಲ ಅವನು ನಮ್ಮ ಕಡೆ ನೋಡುತ್ತಾನೆಂದು ನನ್ನ ನಂಬಿಕೆ.

ಮೊಮ್ಮಗ ಹುಟ್ಟಿದಾಗ ಒಂದು ಹರಕೆ ಹೊತ್ತಿದ್ದೆ. ನನ್ನ ತವರು ಬ್ಯಾಡಗಿಯ ಸಣ್ಣ ಹನುಮಪ್ಪನ ಗುಡಿಯಲ್ಲಿ, ನನ್ನ ಕೈಯಾರೆ ಹೊಸೆದ ಸಾವಿರ ಬತ್ತಿಯ ಆರತಿ. ಹುಡುಗನಿಗೆ ಈಗ ಐದು ವರ್ಷ. ಹನುಮಪ್ಪ ತಾಳಿಕೊಂಡಿದ್ದ, ನನಗೇ ನಾಚಿಕೆಯಾಯಿತು. ಬೇಸಿಗೆ ರಜೆಯ ಕೊನೆಯ ಶನಿವಾರ ತೀರಿಸಿಯೇ ಸೈ ಎಂದು ಅರಳೆ ಹಿಡಿದು ಕೂತೆ. ಅಡ್ಡಿ ಎರಡೇ: ಆ ಮೊಮ್ಮಗ, ಮತ್ತು ಎಂಟು ವರ್ಷದ ಅವನ ಅಕ್ಕ.

“ನೀವು ಬತ್ತಿ ಹೊಸೀರಿ ಅತ್ತಿ, ಹುಡುಗರನ್ನ ನನಗ ಬಿಡ್ರಿ,” ಎಂದಳು ಸೊಸೆ. “ಮೊಬೈಲ್‌ನ್ಯಾಗ ಒಬ್ಬಾಕಿ ಭಾಳ ಚಲೋ ತೋರಸ್ತಾಳ. ಮನ್ಯಾಗಿನ ಸಾಮಾನಿನಾಗ ಆಟಿಗಿ. ಒಂದ್ ರೂಪಾಯಿ ಖರ್ಚಿಲ್ಲ.”

೧. ಹಾವೇರಿ: ಡಬ್ಬಿಯ ರೈಲು

ರೈಲಿಗೆ ಹತ್ತು ಖಾಲಿ ಡಬ್ಬಿ ಬೇಕೆಂದು ಮೊಬೈಲಿನಾಕೆ ಹೇಳಿದ್ದಳು. ಉಂಡು ತಿನ್ನುವವರ ಮನೆಯಲ್ಲಿ ಹತ್ತು ಖಾಲಿ ಡಬ್ಬಿ ಎಲ್ಲಿಂದ ಬರಬೇಕು? ಸೊಸೆ ಖಾಲಿ ಮಾಡಿದಳು. ತೊಗರಿ, ಹೆಸರು, ಕಡಲೆ, ಮಡಕೆ ಕಾಳು, ರವೆ, ಎಲ್ಲವೂ ಒಂದೇ ಪಾತೆಲಿಗೆ.

ರೈಲು ಕಾಲು ತಾಸು ಓಡಿತು. ಮಕ್ಕಳು “ಬ್ಯಾಸರಾತು” ಎಂದು ಇಳಿದುಹೋದರು. ಆಮೇಲೆ ಒಂದು ತಾಸು ಸೊಸೆ ಒಬ್ಬಳೇ ರೈಲಿನ ಫೋಟೋ ತೆಗೆದಳು. ಅನ್ನಪೂರ್ಣೆಯ ಮುಂದೆ ಕೈಮುಗಿದು, ಬತ್ತಿ ಬದಿಗಿಟ್ಟು, ನಾನು ಎರಡು ದಿನ ಕಾಳು ಆರಿಸಿದೆ.

“ನೋಡಿದ್ರಿಲ್ಲ ಅತ್ತಿ, ಖರೇನ ಖರ್ಚಿಲ್ಲ. ಸುಮ್ನ ಕುಂದ್ರಸ್ತೈತಿ.”

“ಹೌದವಾ,” ಎಂದೆ. “ಎರಡ್ ದಿನ ಕುಂದ್ರಸ್ತು. ಹುಡುಗರನ್ನಲ್ಲ, ನನ್ನ.”

೨. ರಾಣೆಬೆನ್ನೂರು: ತಲೆಯ ಮೇಲಿನ ಸುದ್ದಿ

ಮಕ್ಕಳನ್ನೂ ಅರಳೆಯ ಗಂಟನ್ನೂ ಕಟ್ಟಿಕೊಂಡು ಮಗಳ ಮನೆಗೆ ಹೋದೆ. ಅತ್ತಿಗೆಯ ರೈಲಿನ ಕಥೆ ಕೇಳಿ ಆಕೆ ಮೂಗು ಮುರಿದಳು. “ವೈನಿಗೆ ಏನೂ ತಿಳಿಯಂಗಿಲ್ಲ ಬಿಡವಾ. ಹಳೇ ಪೇಪರ್, ಮೈದಾದ ಅಂಟು. ದುಂಡಂದೊಂದು ಸಾಮಾನಿನ ಮ್ಯಾಲೆ ಪದರ ಪದರ ಹಚ್ಚಿ ಒಣಗಿಸಿ ಬಿಚ್ಚಿದರ ಬುಟ್ಟಿ!”

ದುಂಡಗಿನ ಸಾಮಾನು ಹುಡುಕಲು ಮಕ್ಕಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಳಿಯಂದಿರ ಹೆಲ್ಮೆಟ್ ಬಾಗಿಲ ಹಿಂದೆಯೇ ಇತ್ತು. ಅಳಿಯಂದಿರು ದೇವರಂಥವರು, ಮನೆಯಲ್ಲಿ ಏನು ನಡೆದರೂ ಕಣ್ಣು ತೆರೆಯುವುದಿಲ್ಲ. ಹುಡುಗರ ಗದ್ದಲ ಎಂದರೆ ಮೊಬೈಲ್ ಹಿಡಿದು ಮಾಳಿಗೆ ಏರಿಬಿಡುತ್ತಾರೆ. ಅಂದೂ ಏರಿದ್ದರು.

ಮರುದಿನ ಆಫೀಸಿನ ಹೊತ್ತಿಗೆ ಬುಟ್ಟಿ ಕಲ್ಲಿನಂತೆ ಒಣಗಿತ್ತು. ಎಳೆದರೂ ಬರಲಿಲ್ಲ, ಉಜ್ಜಿದರೂ ಬರಲಿಲ್ಲ. ಹೆಲ್ಮೆಟ್ ಹಾಕದೆ ಹೋದರೆ ಪೊಲೀಸರು ಬಿಡುವುದಿಲ್ಲ. ಹಾಗೇ ಹಾಕಿಕೊಂಡು ಹೋದರು. ಸಂಜೆ ಬಂದವರೇ ಮಗಳ ಮೇಲೆ ಹಾರಾಡಿದರು.

“ಸಿಗ್ನಲ್‌ನ್ಯಾಗ ಹಿಂದಿನ ಗಾಡ್ಯಾವ ಹೆಗಲ ಮ್ಯಾಲೆ ಕೈ ಹಾಕಿ ಏನಂದ ಗೊತ್ತೈತೇನು? ‘ಸರ, ಸ್ವಲ್ಪ ಬಲಕ್ಕ ತಿರುಗ್ರಿ, ಉಳಿದ ಸುದ್ದಿ ಆ ಕಡೆ ಐತಿ!’”

೩. ಬ್ಯಾಡಗಿ: ಬರೇ ಬಣ್ಣ

ಶುಕ್ರವಾರ ಬ್ಯಾಡಗಿಯಲ್ಲಿ ತಂಗಿಯ ಮನೆ ಸೇರಿದಾಗ ಬತ್ತಿ ಸಾವಿರ ತುಂಬಿದ್ದವು. ಹನುಮಪ್ಪನಿಗೆ ವರದಿ ಒಪ್ಪಿಸಿ ಜಪಕ್ಕೆ ಕಣ್ಣು ಮುಚ್ಚಿದೆ. ನಡುವೆ ಗೊರಕೆಯೂ ಬಂತೆಂದು ಮಕ್ಕಳು ಹೇಳುತ್ತಾರೆ.

ಅಷ್ಟರಲ್ಲಿ ಅವರು ರಟ್ಟಿನಲ್ಲಿ ಹನುಮಪ್ಪನನ್ನು ಕತ್ತರಿಸಿ, ನನ್ನ ಇನ್ನೂರು ಬತ್ತಿ ದಾರದಲ್ಲಿ ಕಟ್ಟಿ ಬಾಲ ಮಾಡಿದ್ದರು. ಬಾಲಕ್ಕೆ ಕೆಂಪು ಬಣ್ಣ ಬೇಕಾಯಿತು.

“ಬಾಜಾರದ ಕೆಮಿಕಲ್ ಯಾಕ?” ಎಂದಳಂತೆ ತಂಗಿ. “ನಮ್ಮೂರ ಮೆಣಸಿನಕಾಯಿ ಇಲ್ಲೇನು? ಬಣ್ಣ ಅಂದ್ರ ಬಣ್ಣ! ಖಾರ ಇಲ್ಲ, ಏನಿಲ್ಲ.” ನೆನೆಸಿ ನುಣ್ಣಗೆ ಅರೆದು ಒಂದು ವಾಟಿ ತುಂಬ ಕೊಟ್ಟಳು.

ಮೊಮ್ಮಗ ಕಿರುಚಿದ್ದಕ್ಕೆ ನನ್ನ ಜಪ ಮುರಿಯಿತು. ಬಾಲಕ್ಕೆ ಬಣ್ಣ ಬಳಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡಿದ್ದ. ತಂಗಿ ಓಡಿಬಂದು ಅರೆದ ಕೈಯಿಂದಲೇ ಅವನ ಮುಖ ಒರೆಸಿದಳು; ಅವನು ಇನ್ನೂ ಜೋರಾಗಿ ಅತ್ತ. ಅದನ್ನು ನೋಡಿ ತಾನೂ ಕಣ್ಣೀರಾಗಿ ಅದೇ ಕೈಯಿಂದ ತನ್ನ ಕಣ್ಣೂ ಒರೆಸಿಕೊಂಡಳು. ನಾನು ಇಬ್ಬರನ್ನೂ ನಲ್ಲಿಯ ಕೆಳಗೆ ಕೂಡಿಸಿ ನೀರು ಹಾಕಿದೆ. ತಂಗಿ ಕಣ್ಣು ಬಿಡಲಾಗದೆ ಒದ್ದಾಡುತ್ತಲೇ ಹೇಳಿದಳು:

“ಖಾರ ಇಲ್ಲಕ್ಕಾ. ಬರೇ ಬಣ್ಣ.”

೪. ಆರತಿ

ಶನಿವಾರ ಬೆಳಗಾಯಿತು. ಬಿಳಿ ಬತ್ತಿ ಎಂಟುನೂರು, ಕೆಂಪು ಬತ್ತಿ ಇನ್ನೂರು. ಹೊಸದಾಗಿ ಹೊಸೆಯಲು ಅರಳೆಯೂ ಇಲ್ಲ, ಹೊತ್ತೂ ಇಲ್ಲ. ‘ನಿನ್ನ ಬಾಲಕ್ಕೇ ಕಟ್ಟಿದ್ದು ತಂದೆ, ನಿನಗೇ ಸಲ್ಲಲಿ’ ಎಂದು ರಟ್ಟಿನ ಹನುಮಪ್ಪನ ಬಾಲ ಬಿಚ್ಚಿ, ಎಲ್ಲವನ್ನೂ ತುಪ್ಪದಲ್ಲಿ ಅದ್ದಿದೆ.

ಸಣ್ಣ ಗುಡಿ, ಒಂದೇ ಬಾಗಿಲು, ತುಂಬ ಜನ. ಪೂಜಾರಪ್ಪ ಗಂಟೆ ಬಾರಿಸುತ್ತ ಆರತಿ ಎತ್ತಿದರು. ಬಿಳಿ ಬತ್ತಿಗಳು ಚೆಂದವಾಗಿ ಉರಿದವು. ನನ್ನ ಕಣ್ಣು ತುಂಬಿ ಬಂದವು. ಐದು ವರ್ಷದ ಭಾರ ಇಳಿಯಿತು ಎಂದುಕೊಂಡೆ. ಉರಿ ಕೆಂಪು ಬತ್ತಿಗೆ ತಾಗಿತು. ಎಲ್ಲರ ಕಣ್ಣೂ ತುಂಬಿ ಬಂದವು.

ಮೊದಲು ಮುಂದಿನ ಸಾಲು ಕೆಮ್ಮಿತು. ಆಮೇಲೆ ಗುಡಿಗೆ ಗುಡಿಯೇ ಕೆಮ್ಮಿತು. ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿ ಅಂಗಳಕ್ಕೆ ಹಾರಿದರು. ಪೂಜಾರಪ್ಪ ಮಾತ್ರ ಆರತಿ ಬಿಡಲಿಲ್ಲ. ಮಂತ್ರ ಒಂದು, ಸೀನು ಎರಡು ಎಂಬಂತೆ ಮುಗಿಸಿಯೇ ಹೊರಗೆ ಬಂದರು.

“ಅಮ್ಮಾರ,” ಎಂದರು ಮೂಗು ಒರೆಸಿಕೊಳ್ಳುತ್ತ, “ನೀವು ಹೊತ್ತಿದ್ದು ಹನುಮಪ್ಪಗ ಆರತಿ ಮಾಡಸ್ತೀನಿ ಅಂತನೋ, ದೃಷ್ಟಿ ತಗಸ್ತೀನಿ ಅಂತನೋ?”

ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಾಗಿಲ್ಲ ಎಂದು ನಮ್ಮ ಕಡೆಯ ನಂಬಿಕೆ. “ಹನುಮಪ್ಪಗ ಯಾರ ದೃಷ್ಟೀನೂ ತಾಗಿಲ್ರೀ, ಇವತ್ತ ಗೊತ್ತಾತು,” ಎಂದು ಭಕ್ತಿಯಿಂದಲೇ ಕೈಮುಗಿದೆ.

ಪೂಜಾರಪ್ಪ ನಗಲು ಹೋಗಿ ಮತ್ತೆ ಸೀನಿದರು. ಅಷ್ಟರಲ್ಲಿ ತಂಗಿ ಕಂಬ ಹಿಡಿದು ಕೆಮ್ಮುತ್ತ, ಕಣ್ಣು ಮೂಗು ಎರಡೂ ಸುರಿಸುತ್ತ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು:

“ಯಾರೂ ಅಂಜಬ್ಯಾಡ್ರಿ! ಖಾರ ಇಲ್ಲ! ಬರೇ ಬಣ್ಣ!”