ಮೂರನೇ ಸಾಲಿನ ಹಂದಿಮಾಂಸ

ದೇವರ ಮುಂದೆ ಎಲ್ಲರೂ ಸಮಾನರು ಎಂದು ನಮ್ಮ ಹಳೇ ಪಾದ್ರಿಗಳು ಪ್ರತಿ ಭಾನುವಾರ ಹೇಳುತ್ತಿದ್ದರು. ಹನ್ನೊಂದನೇ ಸಾಲಿನಲ್ಲಿ, ಕಂಬದ ಹಿಂದೆ ಕೂತ ನನಗೆ ಅದು ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೆ.

ನಮ್ಮ ತಾತಂದಿರು ಇಂಗ್ಲೆಂಡಿನ ದೊಡ್ಡವರ ದರ್ಪ ತಾಳಲಾರದೆ ಹಡಗು ಹತ್ತಿ ಓಡಿಬಂದವರು. ಅಮೆರಿಕದ ಕನೆಕ್ಟಿಕಟ್ ನದಿಯ ದಂಡೆಗೆ ಬಂದು ಮೊದಲು ಮಾಡಿದ ಕೆಲಸ ಪ್ರಾರ್ಥನಾ ಮಂದಿರ ಕಟ್ಟಿದ್ದು. ಎರಡನೆಯದು, ಅದರಲ್ಲಿ ಯಾರು ಮುಂದೆ, ಯಾರು ಹಿಂದೆ ಕೂರಬೇಕೆಂದು ಗೊತ್ತುಮಾಡಲು ಸಮಿತಿ ಮಾಡಿದ್ದು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಗಂಡನಿಗೆ ಯಾವ ಸಾಲೋ ಹೆಂಡತಿಗೂ ಅದೇ. ಸಮಿತಿ ನೋಡುವುದು ವಯಸ್ಸು, ಜಮೀನು ಮತ್ತು ಘನತೆ. ಈ ಘನತೆಯನ್ನು ಮೂಗಿನಿಂದ ಅಳೆಯುತ್ತಾರೆ. ಒಲೆಯ ಮೇಲೆ ಹಂದಿಮಾಂಸ ಬೇಯುತ್ತಿದ್ದರೆ ನೀವು ಮಹನೀಯರು. ಷ್ಯಾಡ್ ಮೀನು ಬೇಯುತ್ತಿದ್ದರೆ, ಅಯ್ಯೋ ಪಾಪ, ಮಾಂಸದ ಪೀಪಾಯಿಯ ತಳ ಕಂಡವರು.

ಷ್ಯಾಡ್ ಮಾಡಿದ ತಪ್ಪೇನು? ವಸಂತ ಬಂತೆಂದರೆ ನದಿಗೆ ಬುಟ್ಟಿ ಅದ್ದಿದವರಿಗೆಲ್ಲ ಸಿಗುತ್ತದೆ. ಪುಕ್ಕಟೆ ಸಿಗುವುದಕ್ಕೆ ರುಚಿ ಇರಕೂಡದು ಎಂಬುದು ಊರಿನ ಕಾನೂನು. (ಇರುತ್ತದೆ ಸ್ವಾಮಿ, ಬಾಯಲ್ಲಿ ಬೆಣ್ಣೆ! ಮುಳ್ಳು ಮಾತ್ರ ವಿಪರೀತ.)

ನನ್ನ ಹೆಂಡತಿಯ ಹೆಸರು ಸಬ್ಮಿಟ್. ‘ತಲೆಬಾಗು’ ಎಂದರ್ಥ. ಹೆಸರಿಟ್ಟವರು ಅವಳಪ್ಪ, ಪಾಲಿಸುತ್ತಿರುವವನು ನಾನು.

“ರೀ, ನಾಳೆ ಡೀಕನ್ ಅಜರಾಯ ಬರ್ತಾರಂತೆ,” ಅಂದಳು ಮೇ ತಿಂಗಳ ಒಂದು ಬೆಳಗ್ಗೆ. (ಡೀಕನ್ ಎಂದರೆ ನಮ್ಮ ಮಂದಿರದಲ್ಲಿ ಪಾದ್ರಿಗಳ ನಂತರದ ಹಿರಿಯರು.) “ಪೀಪಾಯಿ ಕೊಳ್ಳೋಕೆ ಅಂತ ನೆಪ. ಈ ಸಲ ಸಾಲು ಹಂಚೋ ಸಮಿತಿಗೆ ಅವರೇ ಯಜಮಾನರು.”

“ಬರಲಿ ಬಿಡೆ.”

“ಬರಲಿ ಬಿಡೆ ಅಂತೆ! ಮನೇಲಿರೋದು ಅಂಗೈಯಗಲ ಹಂದಿಮಾಂಸ, ನಲವತ್ತು ಉಪ್ಪುಮೀನು. ಆ ಮನುಷ್ಯನ ಮೂಗು ನೋಡಿದ್ದೀರಾ? ಅವರಿಗಿಂತ ಒಂದು ಗಳಿಗೆ ಮುಂಚೆ ಒಳಗೆ ಬರುತ್ತೆ.”

“ಮೀನು ಹೂತುಬಿಡೋಣ.”

“ನನ್ನ ಕೈಯಾರೆ ಉಪ್ಪು, ಮೆಣಸು ಹಾಕಿ ಊರಿಸಿದ್ದು! ಹೂಳೋದಾದ್ರೆ ಮೊದಲು ನಿಮ್ಮನ್ನ.”

ಆಗ ನನಗೆ ಆ ಮಹದುಪಾಯ ಹೊಳೆಯಿತು. ನಾನು ಕಸುಬಿನಿಂದ ಪೀಪಾಯಿ ಮಾಡುವವನು. ಹೊಸದೊಂದರಲ್ಲಿ ಮೀನನ್ನೆಲ್ಲ ಒತ್ತಿ ಜೋಡಿಸಿ, ಬಾಯಿಂದ ಒಂದು ಗೇಣು ಕೆಳಗೆ, ವಾಸನೆಯೂ ಹೊರಬಾರದಂತೆ ಹಲಗೆ ಬಿಗಿದೆ. ಹಲಗೆಯ ಮೇಲೆ ಉಪ್ಪುನೀರು ಹೊಯ್ದು, ನಮ್ಮ ಏಕಮಾತ್ರ ಮಾಂಸಖಂಡವನ್ನು ಎಂಟು ಹೋಳು ಮಾಡಿ ಹರಡಿದೆ. ನೋಡಿದವರು ಇಡೀ ಹಂದಿಯೇ ಒಳಗಿದೆ ಅನ್ನಬೇಕು!

ಡೀಕನ್ ಬಂದರು. ನನ್ನ ಖಾಲಿ ಪೀಪಾಯಿಗಳ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ನಡೆದು ಮುಚ್ಚಳ ಎತ್ತಿದರು. ಎತ್ತಿದವರು ಟೋಪಿ ತೆಗೆದರು.

“ಏನಪ್ಪಾ ಎಲಿಯಾಕಿಮ್! ಚಳಿಗಾಲದಲ್ಲಿ ತುಂಬಿದ ಮಾಂಸ ಮೇ ತಿಂಗಳಲ್ಲೂ ಕಂಠಮಟ್ಟ!”

“ದೇವರು ಕೊಟ್ಟದ್ದು,” ಎಂದೆ ವಿನಯದಿಂದ ನೆಲ ನೋಡುತ್ತ. (ಪೀಪಾಯಿ ನೋಡಲು ಧೈರ್ಯವಿರಲಿಲ್ಲ.)

“ಇಂಥವರನ್ನ ಹನ್ನೊಂದನೇ ಸಾಲಲ್ಲಿ ಕೂರಿಸಿದ್ದೇವಲ್ಲ, ಛೆ! ಇನ್ನು ಮೇಲೆ ಮೂರನೇ ಸಾಲು ನಿಮಗೆ.”

ಸಬ್ಮಿಟ್ ಕಣ್ಣಲ್ಲಿ ನೀರೇ ಬಂತು.

“ಅಂದಹಾಗೆ,” ಎಂದರು ಡೀಕನ್, “ಬುಧವಾರ ನಮ್ಮನೇಲಿ ಹೊಸ ಪಾದ್ರಿಗಳ ಸ್ವಾಗತದ ಔತಣ. ಮೂರನೇ ಸಾಲಿನವರೆಗಿನವರು ಮನೆಗೊಂದು ಪೀಪಾಯಿ ಮಾಂಸ ಕೊಡೋದು ಪದ್ಧತಿ. ನಿಮ್ಮದನ್ನ ಕಣ್ಣಾರೆ ನೋಡಿದ್ದಾಯ್ತು. ಗಾಡಿ ಹೊರಗೇ ಇದೆ.”

ನಾನು ಬಾಯಿ ತೆರೆದೆ. ಸಬ್ಮಿಟ್ ನನ್ನ ಪಾದ ತುಳಿದಳು. “ಸಂತೋಷವಾಗಿ ತಗೊಂಡು ಹೋಗಿ, ಡೀಕನ್ನರೇ,” ಅಂದಳು. ಪೀಪಾಯಿ ಗಾಡಿ ಹತ್ತಿತು.

ಉಳಿದ ಪೀಪಾಯಿಗಳಿಂದಲೇ ಎಲ್ಲರ ಹೊಟ್ಟೆ ತುಂಬಲಪ್ಪಾ ಎಂದು ಬುಧವಾರದವರೆಗೆ ಪ್ರಾರ್ಥಿಸಿದೆ. ದೇವರಿಗೂ ಹನ್ನೊಂದನೇ ಸಾಲಿನ ಧ್ವನಿ ಮುಟ್ಟುವುದಿಲ್ಲವೆಂದು ಕಾಣುತ್ತದೆ. ಔತಣಕ್ಕೆ ಸುತ್ತಮುತ್ತಲ ಊರುಗಳಿಂದ ಹತ್ತು ಪಾದ್ರಿಗಳು ಬಂದಿದ್ದರು. ಎರಡು ಗಂಟೆ ಉಪದೇಶ ಮಾಡಿ ಹಸಿದಿದ್ದರು. ಮಹನೀಯರ ಮನೆಗಳ ಪೀಪಾಯಿಗಳೂ ಯಾಕೋ ಬಹಳ ಬೇಗ ಬರಿದಾದವು. ಡೀಕನ್ನರ ಹೆಂಡತಿ ಮೆಹಿಟಬೆಲ್ ನಮ್ಮದನ್ನು ಅಲ್ಲೇ ಒಲೆಯ ಪಕ್ಕಕ್ಕೆ ಉರುಳಿಸಿ ತರಿಸಿ, ಉದ್ದನೆಯ ಮುಳ್ಳುಚಮಚ ಇಳಿಸಿದಳು.

ಟಕ್.

ಇನ್ನೊಮ್ಮೆ ಇಳಿಸಿದಳು. ಟಕ್.

ಡೀಕನ್ ಎದ್ದು ಬಂದು ಹಲಗೆ ಕಿತ್ತರು. ಮುಚ್ಚಿಟ್ಟ ಪಾಪದಂತೆ ಷ್ಯಾಡ್ ವಾಸನೆ ಇಡೀ ಮನೆ ತುಂಬಿತು.

“ಎಲಿಯಾಕಿಮ್! ದೇವಸೇವಕರ ತಟ್ಟೆಗೆ ಷ್ಯಾಡ್ ಬಡಿಸ್ತೀಯಾ?”

ಅಷ್ಟರಲ್ಲಿ ಹೊಸ ಪಾದ್ರಿಗಳು ಪೀಪಾಯಿಗೆ ಬಗ್ಗಿ ಮೂಸಿದರು. “ಒಂದನ್ನ ಕೆಂಡದ ಮೇಲೆ ಇಡೀಮ್ಮ,” ಎಂದರು. ತಿಂದರು. ಕಣ್ಣು ಮುಚ್ಚಿದರು. “ಇದು ಯಾರ ಕೈಕೆಲಸ?”

ನಾನು ಎದ್ದೆ. ಸಬ್ಮಿಟ್ ಒಂದು ಹೆಜ್ಜೆ ಮುಂದೆ ಬಂದಳು. “ಮೀನಿನ ಕೆಲಸ ನನ್ನದು ಸ್ವಾಮಿ. ಮರದ ಕೆಲಸ ಇವರದು.”

ಪಾದ್ರಿಗಳು ತಿಂದ ಮೇಲೆ ಊರಿಗೇನು! ನಲವತ್ತು ಮೀನೂ ಮಾಯ. ‘ಬರೀ ಪರೀಕ್ಷೆಗೆ’ ಎನ್ನುತ್ತ ಡೀಕನ್ ಒಬ್ಬರೇ ನಾಲ್ಕು ಮುಗಿಸಿದರು.

ಶನಿವಾರ ಸಮಿತಿ ತೀರ್ಪು ಕೊಟ್ಟಿತು: ಮೋಸ ಗಂಡನದು, ಕೈರುಚಿ ಹೆಂಡತಿಯದು. ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಗಂಡಹೆಂಡಿರಿಗೆ ಬೇರೆ ಬೇರೆ ಸಾಲು. ಅವಳಿಗೆ ಮೂರನೆಯದು. ನನಗೆ ಕಟ್ಟಕಡೆಯದು, ಉಪದೇಶದ ನಡುವೆ ಗೊರಕೆ ಹೊಡೆದು ಸಿಕ್ಕಿಬಿದ್ದವರ ಜೊತೆ.

ಹೋಗಲಿ, ಮೀನಾದರೂ ಇದೆಯಲ್ಲ ಎಂದು ಬುಟ್ಟಿ ಹಿಡಿದು ನದಿಗೆ ಹೋದರೆ, ದಂಡೆಯುದ್ದಕ್ಕೂ ಬೇಲಿ! ಷ್ಯಾಡ್ ಈಗ ಘನತೆಯ ಆಹಾರವಂತೆ. ಕಾವಲಿನವನು ಕೋಲು ಅಡ್ಡ ಹಿಡಿದ.

“ಮೂರನೇ ಸಾಲಿನವರೆಗೆ ಮಾತ್ರ.”

“ನನ್ನ ಹೆಂಡತಿ ಮೂರನೇ ಸಾಲು ಕಣಯ್ಯಾ!”

“ಹಂಗಾದ್ರೆ ಅಮ್ಮಾವ್ರೇ ಬರಲಿ.”

ಕುದಿಯುತ್ತ ಮನೆಗೆ ಬಂದೆ. ಸಬ್ಮಿಟ್ ಕನ್ನಡಿಯ ಮುಂದೆ ನಿಂತು ಟೋಪಿಯ ದಾರ ಕಟ್ಟಿಕೊಳ್ಳುತ್ತಿದ್ದಳು.

“ನೋಡಿದೆಯೇನೇ ಅನ್ಯಾಯ? ನಮ್ಮ ಮೀನಿಗೇ ಬೇಲಿ ಹಾಕಿದ್ದಾರೆ!”

“ಮತ್ತೆ ಹಾಕದೆ?” ಅಂದಳು. “ಕಂಡಕಂಡವರೆಲ್ಲ ತಿಂದ್ರೆ ಅದರ ಮರ್ಯಾದೆ ಉಳಿಯುತ್ತಾ? ಇವತ್ತು ಡೀಕನ್ ಮನೇಲಿ ಮೀನೂಟ, ನಾನು ಬರೋದು ತಡವಾಗುತ್ತೆ. ನಿಮಗೆ ಜೋಳದ ಗಂಜಿ ಒಲೆ ಮೇಲಿದೆ. ತಳ ಹತ್ತದ ಹಾಗೆ ತಿರುವುತ್ತಾ ಇರಿ.”